ಬ್ಯಾಟರಿಯ ಮೇಲೆ ಬರೆದದ್ದೆಷ್ಟು, ಒಳಗಿರುವುದೆಷ್ಟು?

ವಿದ್ಯುತ್ ಕಡಿತವೆಂಬುದು ನಮ್ಮ ನಾಡಿನ ಜನಜೀವನಕ್ಕೆ ಹೊಸದಲ್ಲ. ಹಳ್ಳಿ, ಪಟ್ಟಣಗಳೆನ್ನದೆ ಅನೇಕ ಮನೆಗಳಲ್ಲಿ ಇನ್‌ವರ್ಟರ್ ಮತ್ತು ಅದರ ಬ್ಯಾಟರಿ ಸ್ಥಾನ ಪಡೆದಿವೆ. ದೀಪ, ಫ್ಯಾನುಗಳ ಮಾತು ಹಾಗಿರಲಿ. ವೃದ್ಧರ ಉಸಿರಾಟಕ್ಕೆ ನೆರವಾಗುವ ಆಮ್ಲಜನಕದ ಯಂತ್ರವೂ ಇಂದು ಕೆಲವು ಮನೆಗಳಲ್ಲಿ ಇದೇ ಬ್ಯಾಟರಿಯನ್ನು ನಂಬಿಕೊಂಡಿದೆ. ಹೀಗಿರುವಾಗ ಬ್ಯಾಟರಿಯಲ್ಲಿ ನಿಜವಾಗಿ ಎಷ್ಟು ಸಾಮರ್ಥ್ಯ ಉಳಿದಿದೆ ಎಂಬುದನ್ನು ಅರಿಯುವುದು ಕೇವಲ ಹಣದ ಪ್ರಶ್ನೆಯಲ್ಲ.

ಬರಹದ ಅರ್ಥ

ಮನೆಬಳಕೆಯ ಬ್ಯಾಟರಿಯ ಮೇಲೆ 12 ವೋಲ್ಟ್, 150 ಎ.ಎಚ್. ಎಂದು ಮುದ್ರಿಸಿರುವುದನ್ನು ಓದುಗರು ಕಂಡಿರಬಹುದು. ಎ.ಎಚ್. ಎಂದರೆ ಆಂಪಿಯರ್-ಗಂಟೆ. ಪಕ್ಕದಲ್ಲಿ ‘ಸಿ 20’ ಎಂದಿದ್ದರೆ, ಗಂಟೆಗಟ್ಟಲೆ ಒಂದೇ ಸಮನಾಗಿ 7.5 ಆಂಪಿಯರ್ ವಿದ್ಯುತ್ತನ್ನು ಸೆಳೆದಾಗ 20 ಗಂಟೆ ನಿಲ್ಲುತ್ತದೆ ಎಂದರ್ಥ. ‘ಸಿ 10’ ಎಂದಿದ್ದರೆ 15 ಆಂಪಿಯರಿನಂತೆ 10 ಗಂಟೆ ನಿಲ್ಲಬೇಕು. ಸಂಖ್ಯೆ ಒಂದೇ ಆದರೂ ಎರಡನೆಯದರ ಸತ್ವ ಹೆಚ್ಚು. ಏಕೆಂದರೆ ವಿದ್ಯುತ್ತನ್ನು ವೇಗವಾಗಿ ಸೆಳೆದಷ್ಟೂ ಬ್ಯಾಟರಿ ಕೊಡುವ ಒಟ್ಟು ಮೊತ್ತ ಕಡಿಮೆಯಾಗುತ್ತದೆ. ಈ ನಿಯಮವನ್ನು 1897ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಪಾಯ್ಕರ್ಟ್ ನಿರೂಪಿಸಿದನು.

ಉದಾಹರಣೆಗೆ, ಸುಮಾರು 350 ವ್ಯಾಟಿನ ಆಮ್ಲಜನಕ ಯಂತ್ರವು ಬ್ಯಾಟರಿಯಿಂದ 35 ಆಂಪಿಯರಿನಷ್ಟು ಸೆಳೆಯುತ್ತದೆ. 150ನ್ನು 35ರಿಂದ ಭಾಗಿಸಿ, ನಾಲ್ಕು ಗಂಟೆಗೂ ಮಿಕ್ಕಿ ನಡೆಯುವುದೆಂದು ನಂಬಿ ಕೂರುವುದು ಸರಿಯಲ್ಲ. ‘ಸಿ 20’ ಬಗೆಯ ಹೊಸ ಬ್ಯಾಟರಿಯಾದರೂ ಸುಮಾರು ಮೂರು ಗಂಟೆ ಎಂದೆಣಿಸುವುದೇ ಕ್ಷೇಮ. ಹಳೆಯದಾದರೆ ಅದಕ್ಕಿಂತಲೂ ಕಡಿಮೆ.

ಹೂಳು ತುಂಬಿದ ಕೆರೆ

ಸೀಸ ಮತ್ತು ಗಂಧಕಾಮ್ಲಗಳ ಈ ಬ್ಯಾಟರಿ ಬರಿದಾಗುವಾಗ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಚಾರ್ಜ್ ಮಾಡಿದಾಗ ಕರಗುತ್ತದೆ. ಬಹುಕಾಲ ಚಾರ್ಜ್ ಮಾಡದೆ ಬಿಟ್ಟರೆ ಅದು ಗಟ್ಟಿಯಾದ ಹರಳಾಗಿ ಅಲ್ಲಿಯೇ ಉಳಿಯುತ್ತದೆ. ಅಷ್ಟರಮಟ್ಟಿಗೆ ಫಲಕವು ನಿರುಪಯುಕ್ತವಾಗುತ್ತದೆ.

ಹೂಳು ತುಂಬಿದ ಕೆರೆಯೂ ಮಳೆಗಾಲದಲ್ಲಿ ಕೋಡಿ ಬೀಳುತ್ತದೆ. ಆದರೆ ಬೇಸಗೆಗೆ ಮುನ್ನವೇ ಬತ್ತುತ್ತದೆ. ಬ್ಯಾಟರಿಯದೂ ಇದೇ ಕಥೆ. ವೋಲ್ಟ್‌ಮೀಟರು 12.7 ತೋರಿದರೆ ಅದು ತುಂಬಿದೆಯೆಂದು ತಿಳಿಯುತ್ತದೆಯೇ ಹೊರತು ಎಷ್ಟು ಹಿಡಿಸುತ್ತದೆಯೆಂದು ತಿಳಿಯದು. ಆಮ್ಲದ ಸಾಂದ್ರತೆ ತೋರಿಸುವ ಹೈಡ್ರೋಮೀಟರು ಒಂದು ಕೋಶ ಉಳಿದವಕ್ಕಿಂತ ಸೊರಗಿರುವುದನ್ನು ಸೂಚಿಸಬಲ್ಲದು. ಆದರೂ ಪೂರ್ಣ ಉತ್ತರ ದೊರೆಯುವುದು ಬ್ಯಾಟರಿಯನ್ನು ಬರಿದುಮಾಡಿ ಅಳೆದಾಗ ಮಾತ್ರ.

ಅಳೆಯುವ ಬಗೆ

ಮೊದಲು ಬ್ಯಾಟರಿಯನ್ನು ಪೂರ್ಣವಾಗಿ ಚಾರ್ಜ್ ಮಾಡಿ ಕೆಲವು ಗಂಟೆ ವಿಶ್ರಾಂತಿ ಕೊಡಬೇಕು. ಬಳಿಕ ಬೆಳಗಿನ ಹೊತ್ತು ಇನ್‌ವರ್ಟರಿಗೆ ಬರುವ ವಿದ್ಯುತ್ತನ್ನು ನಿಲ್ಲಿಸಿ, ಉಳಿದೆಲ್ಲ ಉಪಕರಣಗಳನ್ನು ಆರಿಸಿ, ಹಳೆಯ ಮಾದರಿಯ 100 ವ್ಯಾಟಿನ ಒಂದು ಬಲ್ಬನ್ನು ಮಾತ್ರ ಉರಿಸಬೇಕು. ಇನ್‌ವರ್ಟರಿನಲ್ಲಿ ಆಗುವ ನಷ್ಟವೂ ಸೇರಿ ಬ್ಯಾಟರಿಯಿಂದ ಸುಮಾರು 120 ವ್ಯಾಟ್, ಅಂದರೆ 10 ಆಂಪಿಯರ್ ಹೊರಡುತ್ತದೆ. ನೇರ ವಿದ್ಯುತ್ತನ್ನು ಅಳೆಯುವ ಕ್ಲ್ಯಾಂಪ್ ಮೀಟರು ಮೆಕ್ಯಾನಿಕ್ ಬಳಿ ಇದ್ದರೆ ನಿಖರವಾದ ಅಂಕಿ ದೊರೆಯುತ್ತದೆ.

ಗಂಟೆಗೊಮ್ಮೆ ಬ್ಯಾಟರಿಯ ವೋಲ್ಟೇಜನ್ನು ಬರೆದಿಡಬೇಕು. ಬಲ್ಬು ಉರಿಯುತ್ತಿರುವಾಗಲೇ ಅದು 10.5 ವೋಲ್ಟಿಗೆ ಇಳಿದರೆ ಪರೀಕ್ಷೆ ಮುಗಿಯಿತು. ಇನ್‌ವರ್ಟರು ಅದಕ್ಕೂ ಮೊದಲೇ ತಾನಾಗಿ ನಿಂತರೆ ಅಲ್ಲಿಗೇ ಮುಗಿಸಬೇಕು. ಆಂಪಿಯರನ್ನು ಗಂಟೆಗಳಿಂದ ಗುಣಿಸಿದರೆ ಬಂದದ್ದೇ ನಿಜವಾದ ಸಾಮರ್ಥ್ಯ.

‘ಸಿ 20’ ಬಗೆಯ 150 ಎ.ಎಚ್. ಬ್ಯಾಟರಿ ಹೊಸದಾಗಿದ್ದರೆ ಈ ಬಲ್ಬನ್ನು ಸುಮಾರು 14 ಗಂಟೆ ಉರಿಸಬೇಕು. 9 ಗಂಟೆಗೇ ಸೋತರೆ ಉಳಿದಿರುವುದು 90 ಎ.ಎಚ್. ಮಾತ್ರ, ಅಂದರೆ ಮೂರರಲ್ಲಿ ಎರಡು ಪಾಲಿಗೂ ಕಡಿಮೆ. ಸಾಮರ್ಥ್ಯವು ಶೇಕಡಾ 80ಕ್ಕಿಂತ ಕೆಳಗಿಳಿದಾಗ ಬ್ಯಾಟರಿಯನ್ನು ಬದಲಾಯಿಸುವುದು ತಂತ್ರಜ್ಞರು ಒಪ್ಪಿದ ಪದ್ಧತಿ. ರೋಗಿಗಳಿರುವ ಮನೆಯಲ್ಲಿ ಈ ಮಿತಿಯನ್ನು ಕಡ್ಡಾಯವೆಂದೇ ಭಾವಿಸಬೇಕು.

ಎಚ್ಚರಿಕೆಗಳು

ಪರೀಕ್ಷೆ ಮುಗಿದೊಡನೆ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಕು. ಬರಿದಾಗಿ ಬಿಟ್ಟರೆ ಮತ್ತಷ್ಟು ಕೆಡುತ್ತದೆ. ಹೀಗೆ ಪೂರ್ತಿ ಬರಿದುಮಾಡುವುದು ಬ್ಯಾಟರಿಗೆ ಶ್ರಮದ ಕೆಲಸವಾದ್ದರಿಂದ ವರ್ಷಕ್ಕೊಮ್ಮೆ ಅಳೆದರೆ ಸಾಕು. ಚಾರ್ಜಾಗುವಾಗ ಜಲಜನಕ ಹೊರಬರುವುದರಿಂದ ಹತ್ತಿರ ದೀಪ, ಊದುಬತ್ತಿ ಹಚ್ಚಕೂಡದು. ಶುದ್ಧ ಬಟ್ಟಿನೀರನ್ನಲ್ಲದೆ ಬೇರೆ ನೀರನ್ನು ತುಂಬಬಾರದು. ಆಮ್ಲದ ಬಳಿ ಮಕ್ಕಳನ್ನು ಬಿಡಬಾರದು. ಮನೆಯಲ್ಲಿ ರೋಗಿಯಿದ್ದರೆ ಬದಲಿ ವ್ಯವಸ್ಥೆಯಿಲ್ಲದೆ ಈ ಪರೀಕ್ಷೆಗೆ ಕೈಹಾಕಲೇಬಾರದು.

ಹಾಲಿನ ಲೆಕ್ಕ, ದಿನಸಿಯ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಬ್ಯಾಟರಿಗೂ ಒಂದು ಪುಟ ಮೀಸಲಿಡುವುದು ಲೇಸು. ಕೊಂಡ ದಿನ, ಅಳೆದ ದಿನ, ನಿಂತ ಗಂಟೆ ಇವಿಷ್ಟನ್ನು ಗುರುತಿಸಿದರೆ ಸಾಕು. ಬ್ಯಾಟರಿ ಎಷ್ಟು ಹೊತ್ತು ಕೈಹಿಡಿಯುವುದೆಂಬುದನ್ನು ಕತ್ತಲಾದ ಮೇಲೆ ತಿಳಿಯುವುದಕ್ಕಿಂತ ಹಗಲಿನಲ್ಲಿಯೇ ತಿಳಿದಿರುವುದು ಮನೆಮಂದಿಗೆಲ್ಲ ಹಿತ.