“ತಪ್ಪು ನಮ್ಮದೇ ಅಣ್ಣಾ”: ಗ್ಯಾರೇಜಿಗೆ ಬಂದ ಅಮಾನತ್

ಅಮಾನತ್ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಹಣ, ಒಡವೆ, ಜಮೀನಿನ ಕಾಗದಪತ್ರ. ಹಜ್‌ಗೆ ಹೊರಟವರು ನೆರೆಮನೆಯಲ್ಲಿ ಇಟ್ಟುಹೋದ ಚಿನ್ನ, ತೀರಿಕೊಂಡ ಅಣ್ಣನ ಮಕ್ಕಳಿಗೆ ಸೇರಬೇಕಾದ ಪಾಲು. ಜುಮಾ ಖುತ್ಬಾಗಳಲ್ಲಿ ನಾವು ಕೇಳುವ ಉದಾಹರಣೆಗಳೂ ಹೆಚ್ಚಾಗಿ ಇವೇ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಗ್ಯಾರೇಜು, ಪಂಕ್ಚರ್ ಅಂಗಡಿ, ವೆಲ್ಡಿಂಗ್ ಶೆಡ್ಡುಗಳ ದುಡಿಮೆಯಿಂದ. ಸಂಡೂರಿನ ಅದಿರು ಲಾರಿಯಾಗಲಿ, ಕಂಪ್ಲಿಯ ಗದ್ದೆಯ ಟ್ರ್ಯಾಕ್ಟರ್ ಆಗಲಿ, ಹೊಸಪೇಟೆಯಿಂದ ಹಂಪಿಗೆ ಪ್ರವಾಸಿಗರನ್ನು ಕರೆದೊಯ್ಯುವ ಆಟೋ ಆಗಲಿ, ಒಂದಲ್ಲ ಒಂದು ದಿನ ಒಬ್ಬ ಮಿಸ್ತ್ರಿಯ ಮುಂದೆ ಬಂದು ನಿಲ್ಲಲೇಬೇಕು. ಮಾಲೀಕ ಕೀಲಿಯನ್ನು ಮಿಸ್ತ್ರಿಯ ಕೈಗೆ ಕೊಟ್ಟ ಕ್ಷಣದಿಂದ ಆ ಗಾಡಿಯೂ ಅಮಾನತ್ತೇ.

ಆ ಅಮಾನತ್ತಿಗೆ ನಮ್ಮ ಕೈಯಿಂದಲೇ ಪೆಟ್ಟು ಬಿದ್ದರೆ? ಅದು ನಮಗೆ ಮಾತ್ರ ಗೊತ್ತಿದ್ದರೆ? ಈ ಸಂಚಿಕೆಯಲ್ಲಿ ನಾವು ಈ ಪ್ರಶ್ನೆಯನ್ನು ಬಿಡಿಸಿ ನೋಡೋಣ.

ಒಂದು ಉದಾಹರಣೆ

ಇದು ಇಂಥದ್ದೇ ಗ್ಯಾರೇಜಿನಲ್ಲಿ ನಡೆದದ್ದಲ್ಲ. ವಿಷಯ ಅರ್ಥವಾಗಲೆಂದು ನಾವು ಕಟ್ಟಿಕೊಂಡ ಉದಾಹರಣೆ. ಹೊಸಪೇಟೆಯ ಒಬ್ಬ ಆಟೋ ಚಾಲಕ ಬೆಳಿಗ್ಗೆ ಇಂಜಿನ್ ಆಯಿಲ್ ಬದಲಿಸಲು ಗಾಡಿ ಬಿಡುತ್ತಾನೆ. ಕೆಲಸ ಕಲಿಯುತ್ತಿರುವ ಯುವಕ ಹಳೆಯ ಆಯಿಲ್ ಇಳಿಸಿ, ಕೆಳಗಿನ ಡ್ರೈನ್ ಬೋಲ್ಟನ್ನು ಕೈಯಿಂದ ತಿರುಗಿಸುತ್ತಾನೆ. ಅಷ್ಟರಲ್ಲಿ ಇನ್ನೊಂದು ಗಾಡಿಯವರು ಕರೆಯುತ್ತಾರೆ. ಪಾನಾ ಹಾಕಿ ಬಿಗಿಯುವುದು ಮರೆತುಹೋಗುತ್ತದೆ. ಉಸ್ತಾದರೂ ಬಗ್ಗಿ ನೋಡುವುದಿಲ್ಲ. ಹೊಸ ಆಯಿಲ್ ತುಂಬಿ, ದುಡ್ಡು ಪಡೆದು ಗಾಡಿ ಕಳಿಸುತ್ತಾರೆ.

ಹಂಪಿ ರಸ್ತೆಯಲ್ಲಿ ಕಡ್ಡಿರಾಂಪುರ ದಾಟುವಷ್ಟರಲ್ಲಿ ಅದುರಿ ಅದುರಿ ಬೋಲ್ಟು ಕಳಚಿ ಬೀಳುತ್ತದೆ. ಆಯಿಲ್ ಎಲ್ಲ ರಸ್ತೆಯ ಪಾಲು. ಆಯಿಲ್ ಇಲ್ಲದ ಇಂಜಿನ್‌ನಲ್ಲಿ ಲೋಹಕ್ಕೆ ಲೋಹ ಉಜ್ಜಿ, ಕಾದು, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದನ್ನೇ ಇಂಜಿನ್ ಸೀಜ್ ಆಯಿತು ಎನ್ನುತ್ತೇವೆ. ಕೆಲವು ರೂಪಾಯಿಯ ಬೋಲ್ಟು, ಸಾವಿರಾರು ರೂಪಾಯಿಯ ನಷ್ಟ.

ಸಂಜೆ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತರುತ್ತಾರೆ. ಚಾಲಕ ಹೇಳುತ್ತಾನೆ: “ಸದ್ದು ಬದಲಾಗಿದ್ದು ಗೊತ್ತಾಯ್ತು ಉಸ್ತಾದ್, ಗಾಡಿಯಲ್ಲಿ ಜನ ಇದ್ರು ಅಂತ ಹಂಗೇ ಓಡಿಸಿಬಿಟ್ಟೆ. ನನ್ನದೇ ತಪ್ಪು.”

ಉಸ್ತಾದ್ ಗಾಡಿಯ ಕೆಳಗೆ ಬಗ್ಗಿ ನೋಡುತ್ತಾನೆ. ಬೋಲ್ಟು ಇಲ್ಲ. ವಿಷಯ ಅವನಿಗೆ ಗೊತ್ತಾಗಿದೆ, ಪಕ್ಕದಲ್ಲಿ ಮುಖ ಬಿಳಿಚಿ ನಿಂತಿರುವ ಯುವಕನಿಗೂ ಗೊತ್ತಾಗಿದೆ. ಚಾಲಕನಿಗೆ ಗೊತ್ತಿಲ್ಲ. ಅವನು ಆಗಲೇ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಿದ್ದಾನೆ. ಉಸ್ತಾದ್ ಸುಳ್ಳು ಹೇಳಬೇಕಾಗಿಯೂ ಇಲ್ಲ, ಸುಮ್ಮನಿದ್ದರೆ ಸಾಕು. ಇಂಜಿನ್ ಕೆಲಸದ ಬಿಲ್ಲೂ ಅವನಿಗೇ ಬರುತ್ತದೆ.

ಪರೀಕ್ಷೆ ಇರುವುದು ಆ ಒಂದು ನಿಮಿಷದ ಮೌನದಲ್ಲಿ.

ತಪ್ಪು ಬೇರೆ, ಮುಚ್ಚಿಡುವುದು ಬೇರೆ

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿ ಮುಹಮ್ಮದ್(ಸ) ಅವರು ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದರು. ಮೇಲೆ ಒಣಗಿತ್ತು, ಒಳಗೆ ಬೆರಳಿಗೆ ತೇವ ತಗುಲಿತು. ವಿಚಾರಿಸಿದಾಗ, ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಏಕೆ ಇಡಲಿಲ್ಲ ಎಂದು ಕೇಳಿದ ಪ್ರವಾದಿ(ಸ)ಯವರು, ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್‌ನ ಸಾರ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ಧಾನ್ಯ ನೆನೆದದ್ದಕ್ಕೆ ಅವನನ್ನು ಯಾರೂ ಗದರಲಿಲ್ಲ. ನೆನೆದದ್ದನ್ನು ಒಣಗಿದ್ದರ ಕೆಳಗೆ ಇಟ್ಟದ್ದೇ ಅಪರಾಧ. ಬೋಲ್ಟು ಮರೆತದ್ದು ಮನುಷ್ಯ ಸಹಜ ಮರೆವು. ಅದಕ್ಕೆ ಪರಿಹಾರವಿದೆ, ಕ್ಷಮೆಯಿದೆ. ಸಂಜೆ ಗಾಡಿಯ ಕೆಳಗಿನಿಂದ ಎದ್ದು ಬಂದು “ಗಾಡಿ ಹಳೇದು, ಇನ್ನೇನಾಗುತ್ತೆ” ಎಂದರೆ ಆ ಕ್ಷಣಕ್ಕೆ ಮರೆವು ವಂಚನೆಯಾಗಿ ಬದಲಾಗುತ್ತದೆ. ಏನೂ ಹೇಳದೆ ಬಿಲ್ ಬರೆದರೂ ಅದೇ ಲೆಕ್ಕ.

ನಿಸಾ ಅಧ್ಯಾಯದ 135ನೆಯ ವಚನದಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ನ್ಯಾಯದ ಪರ ಸಾಕ್ಷಿಗಳಾಗಿ ನಿಲ್ಲಲು ಆದೇಶಿಸುತ್ತಾನೆ. ಆ ಸಾಕ್ಷ್ಯ ಸ್ವತಃ ನಮ್ಮ ವಿರುದ್ಧ ಹೋದರೂ ಸರಿ. ಬೇರೆಯವರ ವಿರುದ್ಧ ಸಾಕ್ಷಿ ಹೇಳಲು ನಮಗೆ ಧೈರ್ಯ ಬೇಕಿಲ್ಲ. ಗ್ಯಾರೇಜಿನಲ್ಲಿ ಬಗ್ಗಿ ನೋಡಿದ ಉಸ್ತಾದ್ ತನ್ನ ವಿರುದ್ಧ ತಾನೇ ಏಕೈಕ ಸಾಕ್ಷಿ.

ನಷ್ಟ ಯಾರು ತುಂಬಬೇಕು?

“ಬೇಕೆಂದು ಮಾಡಿದ್ದಲ್ಲವಲ್ಲ, ಮತ್ತೇಕೆ ದುಡ್ಡು ಕೊಡಬೇಕು?” ಎಂದು ಕೆಲವರು ಕೇಳುತ್ತಾರೆ. ಉದ್ದೇಶ ಇಲ್ಲದಿದ್ದರೆ ಪಾಪದ ಭಾರ ಇಳಿಯಬಹುದು, ಆದರೆ ಇನ್ನೊಬ್ಬರ ಹಕ್ಕು ಉಳಿದೇ ಇರುತ್ತದೆ. ಫಿಕ್ಹ್‌ನಲ್ಲಿ ನಷ್ಟ ತುಂಬಿಕೊಡುವ ಈ ಹೊಣೆಯನ್ನು ‘ಝಮಾನ್’ ಎನ್ನುತ್ತಾರೆ.

ಪ್ರವಾದಿ(ಸ)ಯವರ ಮನೆಯಲ್ಲೇ ಒಮ್ಮೆ ಇಂಥ ಪ್ರಸಂಗ ನಡೆಯಿತು. ಒಬ್ಬ ಪತ್ನಿ ಕಳಿಸಿದ ಆಹಾರದ ಬಟ್ಟಲು ಇನ್ನೊಬ್ಬ ಪತ್ನಿಯ ಕೈ ಬೀಸಿದ ಪೆಟ್ಟಿಗೆ ಬಿದ್ದು ಒಡೆಯಿತು. ಪ್ರವಾದಿ(ಸ)ಯವರು ಚೂರುಗಳನ್ನು ಆರಿಸಿದರು, ಚೆಲ್ಲಿದ ಆಹಾರವನ್ನು ಒಟ್ಟು ಮಾಡಿದರು. ನಂತರ ಒಡೆದದ್ದನ್ನು ಆ ಮನೆಯಲ್ಲೇ ಇಟ್ಟುಕೊಂಡು, ಅಲ್ಲಿದ್ದ ಒಳ್ಳೆಯ ಬಟ್ಟಲನ್ನು ಕಳಿಸಿಕೊಟ್ಟರು. ಯಾರನ್ನೂ ಅವಮಾನಿಸಲಿಲ್ಲ, ಹಕ್ಕನ್ನೂ ಬಿಡಲಿಲ್ಲ. ಇದು ಬುಖಾರಿಯಲ್ಲಿ ವರದಿಯಾಗಿದೆ.

ಎಲ್ಲರಿಂದಲೂ ಕೆಲಸ ಪಡೆದು ಮಾಡಿಕೊಡುವ ದರ್ಜಿ, ಅಗಸ, ಅಕ್ಕಸಾಲಿಗನಂಥವರನ್ನು ಫಿಕ್ಹ್ ವಿದ್ವಾಂಸರು ‘ಅಜೀರ್ ಮುಶ್ತರಕ್’ ಎಂದು ಕರೆದರು. ಇಂದಿನ ಗ್ಯಾರೇಜಿನ ಮಾಲೀಕನೂ ಇದೇ ಸಾಲಿನವನು. ಅಗಸ ಬಟ್ಟೆ ಕುಟ್ಟುವಾಗ ಅವನ ಪೆಟ್ಟಿನಿಂದಲೇ ಬಟ್ಟೆ ಹರಿದರೆ ಹೊಣೆ ಅವನದು ಎಂಬುದು ಹನಫಿ ಮದ್‌ಹಬ್‌ನ ನಿಲುವು. ‘ಹಿದಾಯಾ’ದಂಥ ಗ್ರಂಥಗಳಲ್ಲಿ ಈ ಚರ್ಚೆ ವಿವರವಾಗಿದೆ. ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಂತೆ ನಿರ್ಲಕ್ಷ್ಯ ಅಥವಾ ಮಿತಿಮೀರಿದ ನಡವಳಿಕೆ ಇದ್ದರೆ ಮಾತ್ರ ಹೊಣೆ. ಬೋಲ್ಟು ಬಿಗಿಯದೆ ಗಾಡಿ ಕಳಿಸಿದ್ದು ನಿರ್ಲಕ್ಷ್ಯವೇ ಆದ್ದರಿಂದ, ನಮ್ಮ ಉದಾಹರಣೆಯಲ್ಲಿ ಎರಡೂ ದಾರಿ ಒಂದೇ ಕಡೆ ಸೇರುತ್ತವೆ.

ಇನ್ನೊಂದು ಮುಖ್ಯ ಮಾತು. ಕೆಲಸ ಕಲಿಯುವ ಹುಡುಗ ಉಸ್ತಾದನ ಅಪ್ಪಣೆಯಂತೆ ಕೆಲಸ ಮಾಡುವಾಗ ಆದ ಹಾನಿಗೆ ಗಿರಾಕಿಯ ಮುಂದೆ ಹೊಣೆಗಾರ ಉಸ್ತಾದನೇ ಎಂದು ಹನಫಿ ವಿದ್ವಾಂಸರು ಹೇಳಿದ್ದಾರೆ. ಆದ್ದರಿಂದ “ಆ ಹುಡುಗನೇ ಮಾಡಿದ್ದು” ಎಂದು ಬೆರಳು ತೋರಿಸಿ ಅವನ ಸಂಬಳ ಹಿಡಿಯುವುದು ತಪ್ಪೊಪ್ಪಿಗೆಯಲ್ಲ. ಬಗ್ಗಿ ನೋಡಬೇಕಾದವರು ಯಾರಿದ್ದರು?

ನೆಲದ ಕಾನೂನೂ ಇದನ್ನೇ ಹೇಳುತ್ತದೆ

1872ರ ಭಾರತೀಯ ಕರಾರು ಕಾಯ್ದೆಯ 151ನೆಯ ಕಲಮಿನ ಪ್ರಕಾರ, ಇನ್ನೊಬ್ಬರ ವಸ್ತುವನ್ನು ವಶಕ್ಕೆ ಪಡೆದವನು ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ಅದನ್ನು ನೋಡಿಕೊಳ್ಳಬೇಕು. ರಿಪೇರಿಗೆ ಬಿಟ್ಟ ಗಾಡಿಗೂ ಇದು ಅನ್ವಯಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಸೇವೆಯಲ್ಲಿ ಲೋಪವಾದರೆ ಗ್ರಾಹಕ ಸಾಮಾನ್ಯವಾಗಿ 2 ವರ್ಷದೊಳಗೆ ದೂರು ಕೊಡಬಹುದು. ಆದರೆ ನಮ್ಮ ಆಟೋ ಚಾಲಕ ದೂರು ಕೊಡುವುದಿಲ್ಲ, ಏಕೆಂದರೆ ಅವನಿಗೆ ಗೊತ್ತೇ ಇಲ್ಲ. ಕಾನೂನಿನ ಕಣ್ಣು ತಲುಪದ ಗಾಡಿಯ ಕೆಳಭಾಗದಲ್ಲೇ ಈಮಾನ್‌ನ ಕೆಲಸ ಶುರುವಾಗುವುದು.

ದೊಡ್ಡವರಿಗೂ ಇದೇ ಪಾಠ

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋದದ್ದು ನಮಗೆಲ್ಲ ನೆನಪಿದೆ. ಅದನ್ನು ಮುಚ್ಚಿಡುವ ಮಾತೇ ಇರಲಿಲ್ಲ. ಇಡೀ ಹೊಳೆಯೇ ಸಾಕ್ಷಿ. ಕೂಡಲೇ ನದಿ ಪಾತ್ರದ ಜನರಿಗೆ ಎಚ್ಚರಿಕೆ ಹೋಯಿತು, ತಜ್ಞರು ಬಂದರು, ಒಂದು ವಾರದೊಳಗೆ ಸ್ಟಾಪ್‌ಲಾಗ್‌ಗಳನ್ನು ಇಳಿಸಿ ನೀರು ತಡೆದರು. ಕೆಟ್ಟದ್ದು ಬೇಗ ಗೊತ್ತಾದರೆ ಉಳಿಸಿಕೊಳ್ಳಲು ಏನಾದರೂ ಉಳಿದಿರುತ್ತದೆ. ನಮ್ಮ ಆಟೋದ ಬೋಲ್ಟಿಗೆ ಅಂಥ ಸಾಕ್ಷಿ ಇಲ್ಲ. ಅಲ್ಲಿ ಬೇಗ ಹೇಳುವವರು ನಾವೇ ಆಗಬೇಕು.

ವಾಹನ ತಯಾರಿಸುವ ಕಂಪನಿಗಳನ್ನೇ ನೋಡಿ. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಕಂಪನಿ ಏರ್‌ಬ್ಯಾಗ್ ನಿಯಂತ್ರಕದಲ್ಲಿ ದೋಷವಿರಬಹುದೆಂದು 17,362 ಕಾರುಗಳನ್ನು ತಾನೇ ವಾಪಸ್ ಕರೆದು, ಬೇಕಾದಲ್ಲಿ ಉಚಿತವಾಗಿ ಬದಲಿಸಿಕೊಡುವುದಾಗಿ ಪ್ರಕಟಿಸಿತು. ಇದಕ್ಕೆ ವಿರುದ್ಧವಾದ ದಾರಿ ಹಿಡಿದದ್ದು, ನಮ್ಮ ಬಿಡದಿಯಲ್ಲೂ ಕಾರ್ಖಾನೆ ಇರುವ ಟೊಯೋಟಾದ ಜಪಾನಿನ ಮೂಲ ಕಂಪನಿ. ಕಾರು ತಾನಾಗಿ ವೇಗ ಹೆಚ್ಚಿಸಿಕೊಳ್ಳುವ ತೊಂದರೆಯ ಬಗ್ಗೆ ಗ್ರಾಹಕರನ್ನು ತಪ್ಪುದಾರಿಗೆ ಎಳೆದದ್ದಕ್ಕಾಗಿ 2014ರಲ್ಲಿ ಅದು ಅಮೆರಿಕದಲ್ಲಿ 120 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಬೇಕಾಯಿತು. ಆ ದಂಡ ಬಿದ್ದದ್ದು ದೋಷ ಇದ್ದದ್ದಕ್ಕಲ್ಲ, ಇದ್ದದ್ದನ್ನು ಹೇಳದೆ ಇದ್ದದ್ದಕ್ಕೆ.

ಹೇಗೆ ಹೇಳಬೇಕು?

ಮೊದಲನೆಯದಾಗಿ, ಗಿರಾಕಿ ಕೇಳುವ ಮುನ್ನವೇ ಹೇಳಬೇಕು. “ಅಣ್ಣಾ, ತಪ್ಪು ನಿಮ್ಮದಲ್ಲ, ನಮ್ಮದು. ಬೋಲ್ಟು ಬಿಗಿ ಮಾಡಿರಲಿಲ್ಲ. ನೀವೇ ಬಗ್ಗಿ ನೋಡಿ.” ಇಷ್ಟೇ ಸಾಕು. “ಆದರೆ” ಎಂಬ ಪದ ಇದರ ಹಿಂದೆ ಬರಬಾರದು.

ಎರಡನೆಯದಾಗಿ, ಲೆಕ್ಕ ಸ್ಪಷ್ಟವಾಗಿರಲಿ. ಹಾಳಾದ ಭಾಗಗಳು, ಆಯಿಲ್, ಎಳೆದು ತಂದ ಖರ್ಚು ಗ್ಯಾರೇಜಿನದು, ಮಜೂರಿ ಕೇಳುವಂತಿಲ್ಲ. ಹಳೆಯ ಇಂಜಿನ್‌ಗೆ ಹೊಸ ಭಾಗ ಕೂತು ಗಾಡಿಯ ಬೆಲೆ ಹೆಚ್ಚಿದರೆ ಆ ಹೆಚ್ಚುವರಿಯ ಬಗ್ಗೆ, ಹಾಗೆಯೇ ಚಾಲಕ ಕಳೆದುಕೊಂಡ ದಿನಗಳ ದುಡಿಮೆಯ ಬಗ್ಗೆ, ಊರಿನ ಆಲಿಮರನ್ನು ಕೇಳಿ ಇಬ್ಬರೂ ಒಪ್ಪುವ ಸುಲಹ್ ಮಾಡಿಕೊಳ್ಳುವುದು ಒಳ್ಳೆಯದು.

ಮೂರನೆಯದಾಗಿ, ಕೈಯಲ್ಲಿ ಹಣ ಇಲ್ಲದಿದ್ದರೆ ಅದನ್ನೂ ಹೇಳಬೇಕು. 25,000 ರೂಪಾಯಿ ಒಮ್ಮೆಗೆ ಆಗದಿದ್ದರೆ ತಿಂಗಳಿಗೆ ಇಷ್ಟೆಂದು ಕಾಗದದಲ್ಲಿ ಬರೆದು ಸಾಕ್ಷಿ ಹಾಕಿಸಿ. ಸಾಲವನ್ನು ಬರೆದಿಡಬೇಕೆಂಬುದು ಬಕರಾ ಅಧ್ಯಾಯದ 282ನೆಯ ವಚನದ ಬೋಧನೆ.

ಹಿಂದೆಂದೋ ಮುಚ್ಚಿಟ್ಟ ತಪ್ಪು ಈಗ ಮನಸ್ಸನ್ನು ಕೊರೆಯುತ್ತಿದ್ದರೆ, ಆ ಗಿರಾಕಿಯನ್ನು ಹುಡುಕಿ ಕೊಡಬೇಕು. ಎಷ್ಟು ಹುಡುಕಿದರೂ ಸಿಗದಿದ್ದರೆ ಆ ಮೊತ್ತವನ್ನು ಅವರ ಪರವಾಗಿ ದಾನ ಮಾಡಬೇಕು. ಇಮಾಮ್ ಅಬೂ ಹನೀಫಾ(ರಹ್) ಅವರ ಪಾಲುದಾರ ದೋಷವಿದ್ದ ಬಟ್ಟೆಯನ್ನು ದೋಷ ತಿಳಿಸಲು ಮರೆತು ಮಾರಿದಾಗ, ಕೊಂಡವರ ಪತ್ತೆಯಾಗದೆ ಇಮಾಮರು ಆ ಹಣವನ್ನೆಲ್ಲ ದಾನ ಮಾಡಿದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ.

ಗಿರಾಕಿಗೂ ಒಂದು ಮಾತು

ಒಬ್ಬ ಮಿಸ್ತ್ರಿ ತಾನಾಗಿ ತಪ್ಪು ಒಪ್ಪಿಕೊಂಡಾಗ ಅಂಗಡಿ ಮುಂದೆ ಜನ ಸೇರಿಸಿ ಮಾನ ಕಳೆದರೆ, ಅದನ್ನು ನೋಡಿದ ಮುಂದಿನ ಮಿಸ್ತ್ರಿ ಬಾಯಿ ಬಿಡುವುದಿಲ್ಲ. ಹಕ್ಕು ಕೇಳುವುದು ತಪ್ಪಲ್ಲ. ಆದರೆ ಕೊಡಬೇಕಾದವನು ಕಷ್ಟದಲ್ಲಿದ್ದರೆ ಅವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂದು ಬಕರಾ ಅಧ್ಯಾಯದ 280ನೆಯ ವಚನ ತಿಳಿಸುತ್ತದೆ.

ಸತ್ಯಕ್ಕೆ ಬೆಲೆ ತೆರಬೇಕಾಗುತ್ತದೆ

ಸತ್ಯ ಹೇಳಿದ ಮಾತ್ರಕ್ಕೆ ಎಲ್ಲವೂ ಕೂಡಲೇ ಸರಿಹೋಗುತ್ತದೆ ಎಂದು ನಾವು ಹೇಳುವುದಿಲ್ಲ. ತಬೂಕ್ ದಂಡಯಾತ್ರೆಗೆ ಹೋಗದೆ ಉಳಿದ ಹಜ್ರತ್ ಕಅಬ್ ಬಿನ್ ಮಾಲಿಕ್(ರ) ಮಾತಿನಲ್ಲಿ ಚತುರರು. ಬೇರೆಯವರು ನೆಪ ಹೇಳಿ ಪಾರಾದದ್ದನ್ನು ಅವರು ಕಂಡಿದ್ದರು. ಆದರೂ ತಮಗೆ ಯಾವ ಕಾರಣವೂ ಇರಲಿಲ್ಲವೆಂದು ಪ್ರವಾದಿ(ಸ)ಯವರ ಮುಂದೆ ಒಪ್ಪಿಕೊಂಡರು. ಅದರ ಫಲವಾಗಿ 50 ದಿನ ಊರಿಗೆ ಊರೇ ಅವರೊಂದಿಗೆ ಮಾತು ಬಿಟ್ಟಿತು. ಕೊನೆಗೆ ಅವರ ತೌಬಾ ಸ್ವೀಕಾರವಾದದ್ದನ್ನು ಕುರ್‌ಆನ್ ಸಾರಿತು. ನೆಪ ಹೇಳಿದವರಿಗೆ ಆ 50 ದಿನಗಳ ಕಷ್ಟ ಇರಲಿಲ್ಲ, ಆ ಭಾಗ್ಯವೂ ಸಿಗಲಿಲ್ಲ.

ನಮ್ಮ ಉದಾಹರಣೆಯ ಉಸ್ತಾದನಿಗೂ ಕೆಲವು ತಿಂಗಳು ಕೈ ಬಿಗಿಯಾಗಬಹುದು, ಮನೆಯ ಖರ್ಚು ಇಳಿಸಬೇಕಾಗಬಹುದು. ಆದರೆ ಅವನ ಪಕ್ಕದಲ್ಲಿ ಒಬ್ಬ ಯುವಕ ನಿಂತಿದ್ದಾನೆ. ಬೋಲ್ಟು ಬಿಗಿಯುವುದನ್ನು ಅವನು ಹೇಗೂ ಕಲಿಯುತ್ತಾನೆ. ಬಿಗಿಯಲು ಮರೆತಾಗ ಏನು ಮಾಡಬೇಕೆಂಬುದನ್ನು ಇವತ್ತು ಸಂಜೆ ತನ್ನ ಉಸ್ತಾದನಿಂದ ಕಲಿಯುತ್ತಾನೆ. ಮುಂದೆ ತನ್ನದೇ ಗ್ಯಾರೇಜು ತೆರೆದಾಗ ಅದನ್ನೇ ಮಾಡುತ್ತಾನೆ.

ನಮ್ಮ ಕೈಕೆಲಸದಲ್ಲಿ ಜಾಗ್ರತೆಯನ್ನೂ, ನಾಲಿಗೆಯಲ್ಲಿ ಸತ್ಯವನ್ನೂ, ಸಂಪಾದನೆಯಲ್ಲಿ ಬರಕತ್ತನ್ನೂ ಅಲ್ಲಾಹನು ಕರುಣಿಸಲಿ. ಇನ್ನೊಬ್ಬರ ಹಕ್ಕಿನ ಹೊರೆ ಹೊತ್ತು ಅವನ ಮುಂದೆ ನಿಲ್ಲುವ ಸ್ಥಿತಿಯಿಂದ ನಮ್ಮನ್ನು ಕಾಪಾಡಲಿ. ಆಮೀನ್.