ಸಾರ್ವಜನಿಕ ರಿಜಿಸ್ಟ್ರಿಯ ನೆರವಿಲ್ಲದೆ ಕಂಟೇನರ್ ಇಮೇಜ್‌ಗಳ ಹಂಚಿಕೆ

ಹಿನ್ನೆಲೆ

ಭೂದಾಖಲೆಗಳ ಗಣಕೀಕರಣಕ್ಕಾಗಿ ರೂಪಿಸಲಾದ ‘ಭೂಮಿ’ ಯೋಜನೆಯು 2000ದ ದಶಕದ ಆರಂಭದಲ್ಲಿ ರಾಜ್ಯದ ತಾಲ್ಲೂಕುಗಳಲ್ಲಿ ಜಾರಿಗೆ ಬಂದಾಗ, ಪಹಣಿಯ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಗಣಕಯಂತ್ರದಲ್ಲಿಯೇ ಇರುತ್ತಿತ್ತು. ಹೀಗೆ ಹಲವು ಕಡೆ ಒಂದೇ ತಂತ್ರಾಂಶ ನಡೆಯುವಾಗ ಎಲ್ಲ ಕಡೆಯೂ ಒಂದೇ ಆವೃತ್ತಿ ಇರುವುದು ಅವಶ್ಯ. ಬಾದಾಮಿಯಲ್ಲಿ ಹೊಸ ಆವೃತ್ತಿ, ಹುನಗುಂದದಲ್ಲಿ ಹಳೆಯ ಆವೃತ್ತಿ ಇದ್ದಲ್ಲಿ, ಒಂದೇ ಬಗೆಯ ಅರ್ಜಿಗೆ ಎರಡು ಬಗೆಯ ಫಲಿತಾಂಶ ದೊರೆತು ಅರ್ಜಿದಾರರು ವೃಥಾ ಅಲೆಯಬೇಕಾಗುತ್ತದೆ.

ಕಂಟೇನರ್ ಇಮೇಜ್ ಎಂದರೇನು?

ತಂತ್ರಾಂಶವನ್ನೂ ಅದು ನಡೆಯಲು ಬೇಕಾದ ಪೂರಕ ಕಡತಗಳನ್ನೂ ಒಟ್ಟುಗೂಡಿಸಿದ ಕಟ್ಟೇ ಕಂಟೇನರ್ ಇಮೇಜ್. 2013ರಲ್ಲಿ ಬಿಡುಗಡೆಯಾದ ಡಾಕರ್‌ನಿಂದ ಈ ವಿಧಾನ ವ್ಯಾಪಕವಾಯಿತು. ಸಾಮಾನ್ಯವಾಗಿ ಇಮೇಜ್‌ಗಳನ್ನು ಡಾಕರ್ ಹಬ್‌ನಂತಹ ಸಾರ್ವಜನಿಕ ರಿಜಿಸ್ಟ್ರಿಯಲ್ಲಿ ಇರಿಸಿ ಅಲ್ಲಿಂದ ಪಡೆಯಲಾಗುತ್ತದೆ. ಆದರೆ ಅಲ್ಲಿ ಬಹಿರಂಗವಾಗಿ ಇರಿಸಿದ ಇಮೇಜ್ ಯಾರ ಕೈಗಾದರೂ ಸಿಗುತ್ತದೆ. ಇದಲ್ಲದೆ 2020ರ ನವೆಂಬರ್‌ನಲ್ಲಿ ಡಾಕರ್ ಹಬ್ ಉಚಿತ ಬಳಕೆಗೆ ಮಿತಿ ವಿಧಿಸಿತು. ಅಂತರಜಾಲ ಸಂಪರ್ಕ ದುರ್ಬಲವಿರುವ ಕಡೆಗಳಿಗೂ ಅದು ಸೂಕ್ತವಲ್ಲ.

ಪರ್ಯಾಯ ವಿಧಾನಗಳು

1. ಕಡತದ ಮೂಲಕ: ‘ಡಾಕರ್ ಸೇವ್’ ಆದೇಶದಿಂದ ಇಮೇಜನ್ನು ಒಂದೇ ಕಡತವಾಗಿ ಉಳಿಸಿ, ಪೆನ್ ಡ್ರೈವ್‌ನಲ್ಲಿ ಒಯ್ದು, ಇನ್ನೊಂದು ಯಂತ್ರದಲ್ಲಿ ‘ಡಾಕರ್ ಲೋಡ್’ ಆದೇಶದಿಂದ ತೆರೆಯಬಹುದಾಗಿದೆ. ಪೆನ್ ಡ್ರೈವ್ ಫ್ಯಾಟ್32 ಮಾದರಿಯದಾಗಿದ್ದಲ್ಲಿ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಹಿಡಿಯುವುದಿಲ್ಲ.

2. ಜಾಲದ ಮೂಲಕ: ಎರಡೂ ಯಂತ್ರಗಳ ನಡುವೆ ಸಂಪರ್ಕವಿದ್ದಲ್ಲಿ ಇದೇ ಕಡತವನ್ನು ಎಸ್‌ಎಸ್‌ಎಚ್ ಮೂಲಕ ಸುರಕ್ಷಿತವಾಗಿ ಕಳುಹಿಸಬಹುದು.

3. ಖಾಸಗಿ ರಿಜಿಸ್ಟ್ರಿ: ಉದಾಹರಣೆಗೆ, ಇಳಕಲ್‌ನ ನೇಕಾರರ ಸಹಕಾರ ಸಂಘವೊಂದು ತನ್ನ ಲೆಕ್ಕಪತ್ರ ತಂತ್ರಾಂಶವನ್ನು ಹಲವು ಶಾಖೆಗಳಿಗೆ ಪದೇ ಪದೇ ಕಳುಹಿಸಬೇಕಾದಲ್ಲಿ, ಬಾಗಲಕೋಟೆಯಲ್ಲಿ ಸ್ವಂತ ರಿಜಿಸ್ಟ್ರಿ ಸ್ಥಾಪಿಸಿಕೊಳ್ಳುವುದು ಅನುಕೂಲಕರ. ಇದಕ್ಕೆ ಟಿಎಲ್‌ಎಸ್ ಪ್ರಮಾಣಪತ್ರ ಹಾಗೂ ಪ್ರವೇಶ ನಿಯಂತ್ರಣವನ್ನು ಅಳವಡಿಸತಕ್ಕದ್ದು.

ಮುನ್ನೆಚ್ಚರಿಕೆಗಳು

1. ಗುಪ್ತಪದ ಅಥವಾ ಅರ್ಜಿದಾರರ ಮಾಹಿತಿಯನ್ನು ಇಮೇಜ್‌ನೊಳಗೆ ಸೇರಿಸಕೂಡದು. ಇಮೇಜ್ ಪದರಗಳಿಂದ ಕೂಡಿರುವುದರಿಂದ, ಮೇಲಿನ ಪದರದಲ್ಲಿ ಅಳಿಸಿದ ಕಡತವು ಕೆಳಗಿನ ಪದರದಲ್ಲಿ ಹಾಗೆಯೇ ಉಳಿದಿರುತ್ತದೆ.

2. ಕಡತದ ಎಸ್‌ಎಚ್‌ಎ-256 ಮೊತ್ತವನ್ನು ಪೆನ್ ಡ್ರೈವ್‌ನಲ್ಲಿಯೇ ಇರಿಸದೆ, ಪತ್ರ ಅಥವಾ ದೂರವಾಣಿಯಂತಹ ಬೇರೆ ಮಾರ್ಗದಲ್ಲಿ ತಿಳಿಸತಕ್ಕದ್ದು. ಸ್ವೀಕರಿಸುವವರು ಮೊತ್ತವನ್ನು ಮತ್ತೆ ಲೆಕ್ಕಹಾಕಿ ತಾಳೆ ನೋಡಬೇಕು. ಒಂದು ಅಕ್ಷರ ವ್ಯತ್ಯಾಸವಾದರೂ ಕಡತವನ್ನು ಬಳಸಕೂಡದು.

3. ‘ಡಾಕರ್ ಸೇವ್’ ಕಡತದಲ್ಲಿ ವಾಲ್ಯೂಮ್‌ಗಳಲ್ಲಿನ ದತ್ತಾಂಶ ಸೇರುವುದಿಲ್ಲ. ಆದುದರಿಂದ ದತ್ತಾಂಶದ ಪ್ರತಿಯನ್ನು ಪ್ರತ್ಯೇಕವಾಗಿ ತೆಗೆದಿರಿಸುವುದು ಕಡ್ಡಾಯವೆಂದು ಭಾವಿಸತಕ್ಕದ್ದು.

4. ಎರಡೂ ಯಂತ್ರಗಳ ಸಂಸ್ಕಾರಕ ಒಂದೇ ಬಗೆಯದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇಂಟೆಲ್ ಮಾದರಿಯ ಯಂತ್ರಕ್ಕೆ ಮಾತ್ರ ಸಿದ್ಧಪಡಿಸಿದ ಇಮೇಜ್ ಆರ್ಮ್ ಯಂತ್ರದಲ್ಲಿ ನೇರವಾಗಿ ನಡೆಯುವುದಿಲ್ಲ.

ನಾಗರಿಕರ ಗಮನಕ್ಕೆ

ತಂತ್ರಾಂಶವನ್ನು ಪಡೆಯುವ ಸಂಘ ಸಂಸ್ಥೆಗಳು ಸರಬರಾಜುದಾರರಿಂದ ಇಮೇಜ್ ಕಡತ, ಆವೃತ್ತಿ ಸಂಖ್ಯೆ ಹಾಗೂ ಎಸ್‌ಎಚ್‌ಎ-256 ಮೊತ್ತ ಈ ಮೂರನ್ನೂ ಲಿಖಿತವಾಗಿ ಪಡೆದುಕೊಳ್ಳುವುದು ಸೂಕ್ತ. ಅರ್ಜಿದಾರರು ಸ್ವೀಕೃತಿ ಪತ್ರವನ್ನು ಜೋಪಾನವಾಗಿ ಇರಿಸಿಕೊಳ್ಳಬೇಕು. ತಂತ್ರಾಂಶ ಬದಲಾವಣೆಯ ಸಂದರ್ಭದಲ್ಲಿ ಅರ್ಜಿಯ ವಿವರ ಕಾಣದಿದ್ದಲ್ಲಿ, ಅದರಲ್ಲಿನ ಸಂಖ್ಯೆ ಹಾಗೂ ದಿನಾಂಕವೇ ಅರ್ಜಿ ಸಲ್ಲಿಸಿರುವುದಕ್ಕೆ ಆಧಾರವಾಗುತ್ತವೆ.