ಯಜಮಾನನಿಲ್ಲದ ಮನೆ ಕೊಳ್ಳುವಾಗ

ನಿವೃತ್ತಿ ಸಮೀಪಿಸಿದಂತೆ ಮುಂಬಯಿಯಲ್ಲಿರುವ ನಮ್ಮವರಿಗೆ ಉಡುಪಿ, ಕುಂದಾಪುರಗಳ ಕಡೆ ಒಂದು ಹಳೆಯ ಹಂಚಿನ ಮನೆ ಕೊಳ್ಳುವ ಆಸೆ ಹುಟ್ಟುವುದುಂಟು. ಯಜಮಾನರು ತೀರಿಕೊಂಡು ವರ್ಷಗಳಾಗಿವೆ, ಮಕ್ಕಳು ಪರವೂರಿನಲ್ಲಿ, ಅಂಗಳದ ತುಂಬ ಹುಲ್ಲು, ಬಾಗಿಲಿಗೆ ತುಕ್ಕು ಹಿಡಿದ ಬೀಗ. ಕ್ರಯವೂ ಕಡಿಮೆ.

ನೋಡಹೋದವರು ಮೊದಲು ಮಾಡು ನೋಡುತ್ತಾರೆ, ನೋಡಬೇಕಾದ್ದೇ. ಹಂಚು ಒಡೆದು ನೀರು ಇಳಿದಿದ್ದರೆ ಪಕ್ಕಾಸು, ರೀಪುಗಳು ಕುಂಬಾಗಿರುತ್ತವೆ. ಮಣ್ಣಿನಲ್ಲಿ ಕಟ್ಟಿದ ಕೆಂಪುಕಲ್ಲಿನ ಗೋಡೆಯ ಸಂದುಗಳು ಮಳೆಗೆ ತೊಳೆದುಹೋಗುತ್ತವೆ. ಆದರೆ ಇವೆಲ್ಲ ಹಣದಿಂದ ಸರಿಯಾಗುವ ದೋಷಗಳು. ಸಹಿ ಮಾಡದೆ ಉಳಿದ ವಾರಸುದಾರನೊಬ್ಬನಿದ್ದರೆ ಅದು ಹಾಗಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಮರಣಶಾಸನ ಬರೆಯದೆ ತೀರಿದವನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತದಲ್ಲಿಯೂ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು; ಆ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿದೆ. "ಅವಳಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲದು. ಹೆಣ್ಣುಮಕ್ಕಳೆಲ್ಲಿ ಎಂದು ಕೇಳಿದರೆ ಮಾರುವವರ ಮುಖ ಸಣ್ಣದಾಗಬಹುದು. ಆಗಲಿ, ಕೇಳಿಯೇ ಬಿಡಬೇಕು. ಅಳಿಯಸಂತಾನದ ಕುಟುಂಬದ ಮನೆಯಾದರೆ ಅಕ್ಕತಂಗಿಯರ ಸಂತತಿಗೂ ಹಕ್ಕಿರಬಹುದಾದ್ದರಿಂದ ವಿಭಾಗಪತ್ರ ನೋಡದೆ ಮುಂಗಡ ಕೊಡಬಾರದು.

ಊರಿನಲ್ಲಿರುವ ಅಣ್ಣ, "ಖಾತೆ ನನ್ನ ಹೆಸರಿಗಾಗಿದೆ, ತೆರಿಗೆ ನಾನೇ ಕಟ್ಟುತ್ತೇನೆ" ಎಂದು ರಶೀದಿ ತೋರಿಸುತ್ತಾನೆ. ಖಾತೆ ತೆರಿಗೆ ವಸೂಲಿಗಾಗಿ ಇರುವಂಥದು. ಅದರಿಂದ ಒಡೆತನ ಹುಟ್ಟುವುದಿಲ್ಲ. ಅವನೊಬ್ಬನೇ ಬರೆದುಕೊಟ್ಟರೆ ನಮಗೆ ಬರುವುದು ಅವನ ಪಾಲು ಮಾತ್ರ. ಅಷ್ಟೇ ಅಲ್ಲ, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನಿಗೆ ಉಳಿದವರೊಡನೆ ಸೇರಿ ವಾಸಿಸುವ ಹಕ್ಕಿಲ್ಲವೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುತ್ತದೆ. ಹಣ ಕೊಟ್ಟವನು ಜಗಲಿಯ ಹೊರಗೇ ನಿಂತು ಪಾಲುದಾವೆ ಹೂಡಬೇಕಾದೀತು.

ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರಪತ್ರ ಅವಶ್ಯವಾದರೂ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಮೂಲ ಕ್ರಯಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆದದ್ದು ಅಲ್ಲಿ ಕಾಣದಿರಬಹುದು. ಆದುದರಿಂದ ನಕಲನ್ನು ನೆಚ್ಚದೆ ಮೂಲಪತ್ರವನ್ನೇ ಕಣ್ಣಾರೆ ನೋಡಬೇಕು. ವಾರಸುದಾರರಲ್ಲಿ ಅಪ್ರಾಪ್ತವಯಸ್ಕರಿದ್ದರೆ ಅವರ ಸ್ವಂತ ಪಾಲನ್ನು ಮಾರಲು ತಾಯಿಗೂ ನ್ಯಾಯಾಲಯದ ಪೂರ್ವಾನುಮತಿ ಬೇಕು.

ಒಬ್ಬ ಮಗ ಪರದೇಶದಲ್ಲಿದ್ದಾನೆಂದು ವ್ಯವಹಾರ ಕೈಬಿಡಬೇಕಾಗಿಲ್ಲ. ಅಲ್ಲಿಯ ಭಾರತೀಯ ದೂತಾವಾಸದಲ್ಲಿ ಮುಖ್ತ್ಯಾರುನಾಮೆ ಬರೆದು ಕಳುಹಿಸಬಹುದು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಬೇಕು.